ಬೇಳೆ ಬೇಯುವ ನೀರಿನಲ್ಲಿ ಕಪ್ಪೆಚಿಪ್ಪುಗಳು

ಮೊದಲು ಗೊತ್ತಾದದ್ದು ಹೆಬ್ಬೆರಳಿಗೆ. ಮಳೆಗಾಲ ಶುರುವಾಗಿ ಕೆಲವು ವಾರಗಳಾಗಿದ್ದವು. ತಾಳ್ಯದ ಹತ್ತಿರದ ಒಂದು ಹೊಲದಲ್ಲಿ, ಕೃಷಿ ಹೊಂಡದ ಅಂಚಿಗೆ ಕೂತು, ಬಲೆಚೀಲದಿಂದ ಒಂದೊಂದೇ ಕಪ್ಪೆಚಿಪ್ಪನ್ನು ತೆಗೆದು ಮೈಗೆ ಅಂಟಿದ ಪಾಚಿ ಉಜ್ಜುತ್ತಿದ್ದೆ. ಎರಡು ಚಿಪ್ಪುಗಳು ಕೂಡುವ ಬೆನ್ನಿನ ಉಬ್ಬಿನ ಮೇಲೆ ಬೆರಳು ನುಣ್ಣಗೆ ಜಾರಬೇಕಿತ್ತು. ಜಾರಲಿಲ್ಲ, ತರಚಿತು. ತೊಳೆದು ನೋಡಿದರೆ ಹಸಿರು ಸಿಪ್ಪೆ ಎದ್ದುಹೋಗಿ ಬಿಳಿ ಮಚ್ಚೆಯೊಂದು ಬಿದ್ದಿತ್ತು. ಉಗುರಿನಿಂದ ಕೆರೆದೆ. ಪುಡಿ ಬಂತು.

ಹೊಳಲ್ಕೆರೆ ಪೇಟೆಯಲ್ಲಿ ಓಲೆಗೆ, ಮೂಗುತಿಗೆ ಹರಳು ಕೂರಿಸುವುದು ನಮ್ಮ ಮನೆತನದ ಕೆಲಸ. ಕಣ್ಣಿಗೆ ಕಾಣದ್ದು ಉಗುರಿಗೆ ಸಿಕ್ಕುವ ಅಭ್ಯಾಸ ಅದರಿಂದ ಬಂದದ್ದು. ಕಲ್ಲಿನಂಥ ಚಿಪ್ಪು ಉಗುರಿಗೆ ಪುಡಿಯಾದರೆ ಏನೋ ಕೆಟ್ಟಿದೆ ಅಂತ ಹೇಳಿಕೊಡಲು ಯಾವ ವಿಜ್ಞಾನಿಯೂ ಬೇಕಿರಲಿಲ್ಲ. ಪಕ್ಕದ ಚೀಲ ಎಳೆದೆ. ಅದರಲ್ಲೂ ಅದೇ. ಅದರ ಪಕ್ಕದ್ದರಲ್ಲೂ ಅದೇ. ಹೊಂಡದ ಒಡತಿ, ನಾನು ಅಕ್ಕ ಅಂತ ಕರೆಯುವವಳು, ಆಚೆ ದಡದಲ್ಲಿದ್ದಳು. ಕೂಗಬೇಕು ಅನ್ನಿಸಿತು, ಕೂಗದೆ ಇನ್ನೊಂದು ಚೀಲ ಎಳೆದೆ. ಈ ಕಪ್ಪೆಚಿಪ್ಪುಗಳ ವಿಷಯದಲ್ಲಿ ಆಕೆ ಊರಿಗೆ ಎಂಥ ಮಾತು ಕೊಟ್ಟಿದ್ದಾಳೆ ಅನ್ನುವುದು ನನಗೆ ಗೊತ್ತಿತ್ತು.

ಆ ಮಾತು ಕೊಟ್ಟದ್ದು ಬೇಸಿಗೆಯಲ್ಲಿ, ಅವರೂರ ಕೆರೆ ಏರಿಯ ಮೇಲೆ. ಕೆರೆಯ ಹೂಳೆತ್ತಲು ಯಂತ್ರ ಬಂದು ನಿಂತಿತ್ತು. ಉಳಿದ ಒಂದಿಷ್ಟು ಕೆಸರಿನಲ್ಲಿ ಅಂಗೈ ಅಗಲದ ಕಪ್ಪೆಚಿಪ್ಪುಗಳು ಬಾಯಿ ಬಿಗಿದುಕೊಂಡು ಕೂತಿದ್ದವು. ಆ ಊರಿನವರು ಅವನ್ನು ತಿನ್ನುವವರಲ್ಲ, ಆದರೆ ಒಂದು ಗೌರವ ಇದೆ. ಚಿಪ್ಪಿಗೆ ತೂತು ಮಾಡಿ ಮಾವಿನಕಾಯಿ ಹೆರೆದವರೇ ಎಲ್ಲರೂ. ಕೆರೆಯ ನೀರು ತಿಳಿಯಾಗಿರುವುದು ಅವು ದಿನವಿಡೀ ನೀರನ್ನು ಒಳಗೆಳೆದು ಸೋಸಿ ಬಿಡುವುದರಿಂದ ಅನ್ನುವುದೂ ಹಳಬರಿಗೆ ಗೊತ್ತು. ಅಕ್ಕ ಯಂತ್ರದ ಮುಂದೆ ಹೋಗಿ ನಿಂತಳು. ಅವಳ ಹೊಲದಲ್ಲಿ ನೀರು ತುಂಬಿದ ಕೃಷಿ ಹೊಂಡ ಇತ್ತು. ಚಿತ್ರದುರ್ಗದಲ್ಲಿ ಮುತ್ತಿನ ಕೃಷಿಯ ತರಬೇತಿಗೆ ಅವಳೂ ಬಂದಿದ್ದಳು, ನಾನೂ ಹೋಗಿದ್ದೆ. ಪರಿಚಯ ಆದದ್ದು ಅಲ್ಲೇ. ಅದಕ್ಕೇ ನನಗೆ ಫೋನ್ ಮಾಡಿ ಕರೆಸಿದ್ದಳು.

ಕೆರೆ ಸಮಿತಿಯ ಹಿರಿಯರು ಒಪ್ಪಲು ತಯಾರಿರಲಿಲ್ಲ.

"ಏನಮ್ಮ, ಕೆರೆ ಜೀವ ಕೆರೆಗೇ ಸೇರಿದ್ದು. ನೀನು ತಗಂಡೋಗಿ ಮಾರ್ಕಂಡ್ರೆ ನಾಳೆ ಯಾರ್ನ ಕೇಳಾನ?"

"ಮಾರಾಕಲ್ಲ ಮಾವ. ಯಂತ್ರದ ಬಾಯಿಗೆ ಬಿದ್ರೆ ಒಂದೂ ಉಳಿಯಲ್ಲ. ಕೆರೆ ತುಂಬಿದ ದಿನ ಎಲ್ಲಾನೂ ತಂದು ಇಲ್ಲೇ ಬಿಡ್ತೀನಿ."

"ಎಲ್ಲಾನೂ?"

"ಎಲ್ಲಾನೂ."

ಹಿರಿಯರು ಅಲ್ಲಿದ್ದವರ ಮುಖ ನೋಡಿದರು. "ಎಲ್ರೂ ಕೇಳಿಸ್ಕಂಡ್ರಲ್ಲ?" ಅಂದರು. ಸಾಕಿದ್ದಕ್ಕೆ ಕೂಲಿ ಅಂತ, ದೊಡ್ಡವುಗಳಲ್ಲಿ ಕೆಲವಕ್ಕೆ ನಾವು ಮುತ್ತಿನ ಬೀಜ ಇಟ್ಟುಕೊಳ್ಳಬಹುದು, ಉಳಿದವಕ್ಕೆ ಚಾಕು ತಾಗಿಸಬಾರದು ಅಂತ ಮಾತಾಯಿತು. ಇಡೀ ದಿನ ಕೆಸರಿನಲ್ಲಿ ಬಗ್ಗಿ ಆರಿಸಿದೆವು. ಟ್ರ್ಯಾಕ್ಟರ್ ಟ್ರೈಲರಿಗೆ ಒದ್ದೆ ಗೋಣಿ ಹಾಸಿ, ಮೇಲೆ ಇನ್ನೊಂದು ಒದ್ದೆ ಗೋಣಿ ಹೊದಿಸಿ, ಮದುವೆ ದಿಬ್ಬಣದ ಹಾಗೆ ನಿಧಾನಕ್ಕೆ ಹೊಂಡಕ್ಕೆ ತಂದೆವು.

ಹೊಂಡದ ನೀರಿನ ಬಗ್ಗೆ ಒಂದು ಮಾತು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ನೀರು ಇಂಗದಂತೆ ತಳಕ್ಕೂ ದಡಕ್ಕೂ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ ಅದು. ಒಳಗಿದ್ದದ್ದು ಬರೀ ಮಳೆ ನೀರು, ಅದೂ ಹೆಚ್ಚಿನ ಪಾಲು ಶೆಡ್ಡಿನ ತಗಡಿನ ಮೇಲಿಂದ ಪೈಪಿನಲ್ಲಿ ಇಳಿದದ್ದು. ಹತ್ತು ಹೆಜ್ಜೆ ಆಚೆ ಕೊಳವೆಬಾವಿ ಇದೆ, ಬೇಕಾದಷ್ಟು ನೀರೂ ಇದೆ. ಅಕ್ಕ ಅದರ ಒಂದು ತೊಟ್ಟನ್ನೂ ಹೊಂಡಕ್ಕೆ ಬಿಟ್ಟಿರಲಿಲ್ಲ. ಅದು ಗಡಸು ನೀರು, ಜೊತೆಗೆ ಫ್ಲೋರೈಡ್. ಹಂಡೆಯ ಒಳಗೆ ಬೆರಳು ದಪ್ಪ ಬಿಳಿ ಹಕ್ಕಳೆ ಕಟ್ಟುತ್ತದೆ, ಸೋಪು ನೊರೆ ಬರುವುದಿಲ್ಲ, ಬೇಳೆ ಎಷ್ಟು ಕುದಿಸಿದರೂ ಬೇಯುವುದಿಲ್ಲ. ವರ್ಷಾನುಗಟ್ಟಲೆ ಅದನ್ನೇ ಕುಡಿದು ಅಕ್ಕನ ಅತ್ತೆಯ ಮಂಡಿಗಳು ಬಾಗಿಹೋಗಿವೆ. ಆಕೆ ಗೋಡೆ ಹಿಡಿದು ನಡೆಯುತ್ತಾಳೆ. ಈಗ ಮನೆಯಲ್ಲಿ ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನು, ಅಡುಗೆಗೆ ಮಳೆ ನೀರು. ನಮ್ಮ ಕಡೆ ಯಾರ ಮನೆಗೆ ಹೋದರೂ ಮಳೆ ನೀರು ಹಿಡಿದಿಟ್ಟ ಡ್ರಮ್ಮನ್ನು ತುಪ್ಪದ ಡಬ್ಬಿಯಂತೆ ತೋರಿಸುತ್ತಾರೆ.

"ಬೇಳೆ ಬೇಯೋ ನೀರು ಭಾಯಿ ಇದು. ನಾವು ಕುಡಿಯೋದಕ್ಕಿಂತ ಒಳ್ಳೇದು ಕೊಟ್ಟೀನಿ ಇವಕ್ಕೆ" ಅಂತ ಅಕ್ಕ ಮೊದಲ ದಿನವೇ ಹೇಳಿದ್ದಳು. ನಾನೂ ತಲೆಯಾಡಿಸಿದ್ದೆ. ಆ ನೀರಿನ ಮೇಲೆ ಇಬ್ಬರಿಗೂ ಹೆಮ್ಮೆ ಇತ್ತು.

ಕೆರೆಯ ಕೆಲಸ ಆ ಬೇಸಿಗೆಗೆ ಮುಗಿಯಲಿಲ್ಲ. ಮಳೆ ಬಂತು, ಯಂತ್ರ ಅರ್ಧಕ್ಕೇ ಹೋಯಿತು, ಮುಂದಿನ ಬೇಸಿಗೆಗೆ ಮತ್ತೆ ಬರುತ್ತೇವೆ ಅಂದರು. ಹಾಗಾಗಿ ಕಪ್ಪೆಚಿಪ್ಪುಗಳು ನಮ್ಮಲ್ಲೇ ಉಳಿದವು. ಹೊಂಡ ಹೊಸ ಮಳೆಗೆ ಅಂಚಿನ ತನಕ ತುಂಬಿತು. ನಾನು ಆ ಹೊತ್ತಿಗೆ ಬೀಜ ಇಡುವ ಕೆಲಸ ಮುಗಿಸಿದ್ದೆ. ಎರಡು ದಿನ ಬರೀ ನೀರಿನಲ್ಲಿ ಹಸಿವಿಗೆ ಬಿಟ್ಟು, ಚಿಪ್ಪನ್ನು ಒಂದು ಬೆರಳಿನಷ್ಟೇ ತೆರೆದು ಮರದ ಬೆಣೆ ಕೊಟ್ಟು, ಒಳಗಿನ ತೆಳು ಪೊರೆಯನ್ನು ಚಿಪ್ಪಿನಿಂದ ಬಿಡಿಸಿ, ಆ ಸಂದಿಯಲ್ಲಿ ಚಿಪ್ಪಿನ ಪುಡಿಯಿಂದಲೇ ಮಾಡಿದ ಗುಂಡನ್ನು ಕೂರಿಸಬೇಕು. ಅದರ ಮೇಲೆ ಜೀವಿ ತನ್ನ ಹೊಳಪಿನ ಪದರವನ್ನು ಕಟ್ಟುತ್ತಾ ಹೋಗುತ್ತದೆ. ಹರಳು ಕೂರಿಸಿದ ಕೈಗೆ ಅದು ಅಂಥ ಕಷ್ಟದ ಕೆಲಸವಲ್ಲ. ಕೈ ಒರಟಾದರೆ ಮಾತ್ರ ಸಾಯುತ್ತವೆ.

ಅದಕ್ಕೇ ಸಾವು ಶುರುವಾದಾಗ ನಾನು ಮೊದಲು ಬೈದುಕೊಂಡದ್ದು ನನ್ನ ಕೈಯನ್ನು. ದಿನಾ ಬೆಳಗ್ಗೆ ಅಕ್ಕನ ಫೋನು ಬರುತ್ತಿತ್ತು. "ಭಾಯಿ, ಇವತ್ತೂ ಬಾಯಿ ಬಿಟ್ಕಂಡು ಅವೆ." ನಾನು ಅಂಗಡಿ ಬಾಗಿಲು ಹಾಕಿ ಬಸ್ಸು ಹತ್ತುತ್ತಿದ್ದೆ. ಸತ್ತ ಕಪ್ಪೆಚಿಪ್ಪಿನ ವಾಸನೆ ಮೂಗಿಗೆ ಕೂತರೆ ಮೂರು ಸಲ ಸ್ನಾನ ಮಾಡಿದರೂ ಹೋಗುವುದಿಲ್ಲ. ಮನೆಯವಳು ಬಟ್ಟೆಯನ್ನು ಹೊರಗೇ ಬಿಚ್ಚಿಸುತ್ತಿದ್ದಳು. ಆದರೆ ಚೀಲಗಳನ್ನು ಬೇರೆ ಬೇರೆ ಮಾಡಿ ನೋಡಿದಾಗ ಚಾಕು ತಾಗದವೂ ಅಷ್ಟೇ ಸಾಯುತ್ತಿದ್ದವು. ನನ್ನ ಕೈಯ ತಪ್ಪಲ್ಲ ಅಂತ ಗೊತ್ತಾಗಿ ನನಗೆ ಸಮಾಧಾನ ಆಗಬೇಕಿತ್ತು. ಇನ್ನೂ ಭಯ ಆಯಿತು.

ಸತ್ತ ಒಂದನ್ನು ಬಿಚ್ಚಿ ನಾನು ಇಟ್ಟ ಗುಂಡನ್ನು ತೆಗೆದು ಕನ್ನಡಕ ಏರಿಸಿ ನೋಡಿದೆ. ಹೊಳಪಿನ ಪದರ ಬೆಳೆದಿರಬೇಕಿತ್ತು. ಪದರ ಇರಲಿಲ್ಲ. ಗುಂಡಿನ ಮೈಯೇ ಅಲ್ಲಲ್ಲಿ ಕೊರೆದುಹೋಗಿತ್ತು. ಹೊರಗಿನ ಚಿಪ್ಪನ್ನು ಏನೋ ತಿನ್ನುತ್ತಿದೆ ಸರಿ, ಒಳಗೆ ಪೊರೆಯ ಸಂದಿಯಲ್ಲಿ ಭದ್ರವಾಗಿ ಕೂತ ಗುಂಡನ್ನು ತಿಂದದ್ದು ಯಾರು?

ನೀರು ಪರೀಕ್ಷೆ ಮಾಡಿಸೋಣ ಅಂದುಕೊಂಡೆವು. ಮಧ್ಯಾಹ್ನದ ಬಿಸಿಲಲ್ಲಿ ಒಂದು ಬಾಟಲಿಗೆ ಮುಕ್ಕಾಲು ನೀರು ತುಂಬಿಸಿ, ಚೀಲದಲ್ಲಿಟ್ಟುಕೊಂಡು, ಕಿಕ್ಕಿರಿದ ಬಸ್ಸಿನಲ್ಲಿ ಕುಲುಕಿಸಿಕೊಂಡು ಚಿತ್ರದುರ್ಗದ ಪ್ರಯೋಗಾಲಯಕ್ಕೆ ಒಯ್ದೆ. ಅಲ್ಲಿಯವರು ನೋಡಿ, "ನೀರು ಫಸ್ಟ್ ಕ್ಲಾಸ್ ಐತ್ರಿ. ಕುಡಿಯಾಕೂ ನಡೀತದೆ. ಹುಳಿನೂ ಇಲ್ಲ, ಕ್ಷಾರನೂ ಇಲ್ಲ" ಅಂದರು. ಅವರು ಸುಳ್ಳು ಹೇಳಲಿಲ್ಲ. ನಾನು ಒಯ್ದ ನೀರು ಹಾಗೇ ಇತ್ತು. ಆ ನೀರು ಹೊಂಡದಲ್ಲಿ ಬೆಳಗಿನ ಜಾವ ಹೇಗಿರುತ್ತದೆ ಅನ್ನುವುದು ಬೇರೆ ಮಾತು. ಅದು ಗೊತ್ತಾಗುವ ಹೊತ್ತಿಗೆ ಇನ್ನೂ ಎರಡು ಗೋಣಿಚೀಲದಷ್ಟು ಸತ್ತವು.

ನೀರು ಚೆನ್ನಾಗಿದೆ ಅಂದಮೇಲೆ ಆಹಾರದ ಮೇಲೆ ಅನುಮಾನ ಬಂತು. ನೀರು ಹಸಿರಾಗಲಿ ಅಂತ ಸಗಣಿ ಕದಡಿ ಹಾಕುತ್ತಿದ್ದುದನ್ನು ನಿಲ್ಲಿಸಿದೆವು. ಸಾವು ನಿಲ್ಲಲಿಲ್ಲ. ಚಿಪ್ಪು ಸವೆಯುತ್ತಿದೆಯಲ್ಲ, ಸುಣ್ಣ ಕಡಿಮೆಯಾಗಿರಬೇಕು ಅಂತ ನನಗೆ ಹೊಳೆಯಿತು. ಈ ಯೋಚನೆ ಸರಿಯಾಗಿಯೇ ಇತ್ತು. ಮಾಡಿದ ರೀತಿ ತಪ್ಪಾಗಿತ್ತು. ಹೊಸದುರ್ಗದ ಕಡೆಯ ಭಟ್ಟಿಯಿಂದ ಸುಟ್ಟ ಸುಣ್ಣ ತಂದು, ಡ್ರಮ್ಮಿನಲ್ಲಿ ಅರಳಿಸಿ, ತಣ್ಣಗಾದ ಮೇಲೆ ಇಳಿಹೊತ್ತಿನಲ್ಲಿ ಹೊಂಡಕ್ಕೆ ಸುರಿದೆವು. ಮೀನಿನ ಕೆರೆಗಳಿಗೆ ಹಾಗೇ ಹಾಕುತ್ತಾರೆ. ಆದರೆ ಆ ಕೆರೆಗಳಿಗೆ ಮಣ್ಣಿನ ತಳ ಇರುತ್ತದೆ, ನೀರಿಗೆ ತಡೆದುಕೊಳ್ಳುವ ಶಕ್ತಿ ಇರುತ್ತದೆ. ನಮ್ಮದು ಪ್ಲಾಸ್ಟಿಕ್ಕಿನ ಮೇಲೆ ನಿಂತ ಬರೀ ಮಳೆ ನೀರು. ಒಂದು ಕಡೆಯಿಂದ ತಳ್ಳಿದರೆ ಇನ್ನೊಂದು ಕಡೆಗೆ ದಬಕ್ಕನೆ ಬೀಳುವ ನೀರು. ಬಿಸಿಲಿಗೆ ಮೊದಲೇ ಏರಿದ್ದ ನೀರಿನ ಕ್ಷಾರ ಸುಣ್ಣ ಬಿದ್ದು ಎಲ್ಲೆ ಮೀರಿತು.

ಮರುದಿನ ನಾನು ಹೋಗುವಾಗ ಅಕ್ಕ ಹೊಂಡದ ಅಂಚಿಗೆ ಕೂತಿದ್ದಳು, ಎದ್ದೇಳಲಿಲ್ಲ. ಎಳೆದ ಚೀಲವೆಲ್ಲ ತೆರೆದ ಬಾಯಿಗಳು. ಮುಟ್ಟಿದರೆ ಮುಚ್ಚಿಕೊಳ್ಳಬೇಕಾದವು ಹಾಗೇ ಜೋತಾಡುತ್ತಿದ್ದವು.

"ಸಾಕು ಭಾಯಿ" ಅಂದಳು. "ಕೆಸರಲ್ಲೇ ಬಿಟ್ಟಿದ್ರೆ ಒಂದೇ ಸಲ ಸಾಯ್ತಿದ್ವು. ನಾನು ತಂದು ದಿನಾ ಒಂದಿಷ್ಟು ಸಾಯಿಸ್ತಾ ಇದೀನಿ."

"ಉಳಿದವು ಅವೆಯಲ್ಲಕ್ಕ..."

"ಯಾವ ಮಖ ಇಟ್ಕಂಡು ಏರಿ ಮೇಲೆ ನಿಲ್ಲಾನ? ಎಲ್ಲಾನೂ ತರ್ತೀನಿ ಅಂದಿದ್ದೆ. ಎಲ್ಲಾನೂ ಅಂದಿದ್ದೆ."

ಸತ್ತವುಗಳ ಮಾಂಸ ತೆಗೆದು ಗುಂಡಿಗೆ ಹಾಕಿ ಮುಚ್ಚಿದೆವು. ಚಿಪ್ಪುಗಳನ್ನು ಕೋಳಿಫಾರ್ಮಿನವರು ಮೇವಿಗೆ ಕೇಳುತ್ತಾರೆ, ಕೊಟ್ಟುಬಿಡೋಣ ಅಂದೆ. ಅಕ್ಕ ನನ್ನನ್ನು ಹೇಗೆ ನೋಡಿದಳು ಅಂದರೆ ಮತ್ತೆ ಆ ಮಾತೆತ್ತಲಿಲ್ಲ. ತೊಳೆದು, ಒಣಗಿಸಿ, ಗೋಣಿಚೀಲಗಳಲ್ಲಿ ತುಂಬಿ ಶೆಡ್ಡಿನ ಹಿಂದೆ ಸಾಲಾಗಿ ನಿಲ್ಲಿಸಿದಳು. ನೋಡಿ ಅಳಲು ಇಟ್ಟುಕೊಂಡಿದ್ದಾಳೆ ಅಂದುಕೊಂಡೆ. ನನಗೆ ಅವಳ ಮೇಲೆ ಸಿಟ್ಟೂ ಬಂತು.

ಆ ಸಂಜೆ ಅಂಗಡಿಯಲ್ಲಿ ಕೂತು, ತರಬೇತಿಗೆ ಬಂದು ಒಂದು ದಿನ ಪಾಠ ಮಾಡಿದ್ದ ಕುಂದಾಪುರ ಕಡೆಯವರೊಬ್ಬರಿಗೆ ಫೋನ್ ಮಾಡಿದೆ. ಅವರು ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಪಚ್ಚಿಲೆ, ಅಂದರೆ ಉಪ್ಪುನೀರಿನ ಕಪ್ಪೆಚಿಪ್ಪು ಸಾಕುವವರು. ಆ ದಿನ ಅವರು ಸಮುದ್ರ ಹುಳಿಯಾಗುತ್ತಿದೆ ಅಂತ ಏನೋ ಹೇಳಿದ್ದರು. ಚಿತ್ರದುರ್ಗದ ಬಂಡೆಗಳ ನಡುವೆ ಕೂತು ಸಮುದ್ರದ ಕಷ್ಟ ಕೇಳಿ ನಮಗೇನಾಗಬೇಕು ಅಂತ ನಾನು ಆಕಳಿಸಿದ್ದೆ. ಈಗ ಎಲ್ಲ ಒದರಿದೆ, ಚಿಪ್ಪಿನ ಪುಡಿ, ಕೊರೆದ ಗುಂಡು, ಪರೀಕ್ಷೆ, ಸುಣ್ಣ.

ಅವರು ಕೇಳಿದ್ದು ಒಂದೇ. "ಅಲ್ಲ ಮಾರಾಯ್ರೆ, ನೀವ್ ನೀರ್ ಕಾಂಬುದ್ ಯಾವ್ ಹೊತ್ತಿಗೆ?"

"ಮಧ್ಯಾಹ್ನ."

"ಮಧ್ಯಾಹ್ನ ಕಂಡ್ರೆ ಎಲ್ಲ ಚಂದವೇ. ಹೊತ್ತ್ ಮೂಡುಕ್ ಮುಂಚೆ ಕಾಣಿ."

ಆಮೇಲೆ ಬಿಡಿಸಿ ಹೇಳಿದರು. ಗಾಳಿಯಲ್ಲಿ ಹೊಗೆ ಹೆಚ್ಚಾದಂತೆ ಅದರ ಇಂಗಾಲದ ಅನಿಲವನ್ನು ಸಮುದ್ರ ಕುಡಿಯುತ್ತದೆ, ಕುಡಿದು ನಿಧಾನಕ್ಕೆ ಹುಳಿ ಕಡೆಗೆ ಹೊರಳುತ್ತದೆ, ಆಗ ಚಿಪ್ಪು ಕಟ್ಟುವ ಜೀವಿಗಳಿಗೆ ಸುಣ್ಣ ಸಿಗುವುದು ಕಷ್ಟವಾಗುತ್ತದೆ. ಮರಿಗಳಿಗಂತೂ ಚಿಪ್ಪೇ ನಿಲ್ಲುವುದಿಲ್ಲ. ಅದಕ್ಕೇ ಮರಿ ಮಾಡುವವರು ನೀರು ಹುಳಿಯಿರುವ ಹೊತ್ತಿನಲ್ಲಿ ತೊಟ್ಟಿಗೆ ನೀರೆಳೆಯುವುದಿಲ್ಲ, ಬೇಕಾದರೆ ಸೋಡಾಪುಡಿ ಬೆರೆಸಿ ಸರಿಮಾಡುತ್ತಾರೆ, ನೀರಿಗೆ ಸುಣ್ಣ ಸಿಗಲಿ ಅಂತ ಸತ್ತ ಚಿಪ್ಪನ್ನು ಒಡೆದು ಮತ್ತೆ ತಳಕ್ಕೇ ಹರಡುತ್ತಾರೆ. ಇವರ ಅಳಿವೆಯಲ್ಲಿ ಜೋರು ಮಳೆಗೆ ಸಿಹಿನೀರು ನುಗ್ಗಿದರೆ ಅದೇ ದೊಡ್ಡ ಗಂಡಾಂತರವಂತೆ. ಸಮುದ್ರಕ್ಕೆ ನೂರಾರು ವರ್ಷ ಹಿಡಿಯುವುದು ನಿಮ್ಮ ಹೊಂಡದಲ್ಲಿ ದಿನಾ ರಾತ್ರಿ ಆಗುತ್ತಿದೆ ಅಂದರು. ಪಾಚಿ, ಕೊಳೆತ ಸಗಣಿ, ಕಪ್ಪೆಚಿಪ್ಪುಗಳು, ಎಲ್ಲವೂ ಬಿಟ್ಟ ಉಸಿರು ಕತ್ತಲಲ್ಲಿ ನೀರಿಗೆ ಕರಗಿ ಸೋಡಾ ಬಾಟಲಿಯ ಹುಳಿ ಬರುತ್ತದೆ. ಬಿಸಿಲು ಬಂದರೆ ಪಾಚಿಯೇ ಅದನ್ನು ತಿಂದು ಇಳಿಸುತ್ತದೆ. ಬಾಟಲಿ ಕುಲುಕಿದರೂ ಹೋಗುತ್ತದೆ. ನನ್ನ ಬಸ್ಸಿನ ಪ್ರಯಾಣ ನೆನಪಾಯಿತು.

"ಹುಳಿಯಾದಾಗ ಅವು ಏನು ಮಾಡ್ತವೆ?" ಅಂದೆ.

ಬಾಯಿ ಮುಚ್ಚಿಕೊಳ್ಳುತ್ತವೆ ಅಂದರು. ಮುಚ್ಚಿಕೊಂಡರೆ ಒಳಗಿನ ರಕ್ತವೂ ಹುಳಿಯಾಗುತ್ತದೆ. ಅದನ್ನು ಇಳಿಸಲು ತನ್ನ ಚಿಪ್ಪನ್ನೇ ಒಳಗಿನಿಂದ ಕರಗಿಸಿಕೊಳ್ಳುತ್ತದೆ. ಗುಂಡನ್ನು ತಿಂದದ್ದು ಯಾರು ಅಂತ ಆಗ ಗೊತ್ತಾಯಿತು. ಉಸಿರು ಹಿಡಿಯಲು ಅವು ಮನೆಯನ್ನೇ ತಿನ್ನುತ್ತಿದ್ದವು. ನಾವು ದಡದಲ್ಲಿ ಕೂತು ನೀರು ಎಷ್ಟು ತಿಳಿಯಾಗಿದೆ ಅಂತ ಹೊಗಳುತ್ತಿದ್ದೆವು.

ನೀರಿನ ಹುಳಿಗೆ ಬಣ್ಣ ತಿರುಗುವ ಕಾಗದ ಕೊಂಡು ಮರುದಿನ ರಾತ್ರಿ ಅಕ್ಕನ ಮನೆಯ ಜಗಲಿಯಲ್ಲೇ ಮಲಗಿ, ಬೆಳಕು ಹರಿಯುವ ಮುಂಚೆ ಹೊಂಡಕ್ಕೆ ಇಳಿದೆವು. ಅದ್ದಿದ ಕಾಗದ ಹಳದಿಯಾಯಿತು. ಹುಳಿ. ಅದೇ ಹೊಂಡ, ಮಧ್ಯಾಹ್ನ ಅದ್ದಿದರೆ ಹಸಿರು, ಅಂದರೆ ಹುಳಿಯಿಲ್ಲ. ಕೊಳವೆಬಾವಿಯ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಒಂದು ದಿನ ಇಟ್ಟು ಅದ್ದಿದರೆ ಬೆಳಗ್ಗೆಯೂ ಹಸಿರು, ಸಂಜೆಯೂ ಹಸಿರು. ಆ ನೀರನ್ನು ಯಾರೂ ಸುಲಭಕ್ಕೆ ಅಲುಗಿಸಲಾರರು. ಹಂಡೆಗೆ ಹಕ್ಕಳೆ ಕಟ್ಟುವ ಸುಣ್ಣವೇ ಹುಳಿಯ ಪೆಟ್ಟನ್ನು ತಾನು ತಿಂದು ಚಿಪ್ಪನ್ನು ಉಳಿಸುತ್ತದೆ. ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಶಾಪ ಹಾಕುವ ಆ ಬಿಳಿ ಹಕ್ಕಳೆಯೇ ಚಿಪ್ಪು ಕಟ್ಟುವ ಸಾಮಾನು.

ಆ ನೀರನ್ನೇ ಹೊಂಡಕ್ಕೆ ಬಿಡೋಣ ಅಂತ ಹೇಳಿದೆ. ಅಕ್ಕ ಕೇಳಿಸಿಕೊಂಡು, "ಆಗಲ್ಲ" ಅಂದಳು.

"ಅಕ್ಕಾ, ಬೇರೆ ದಾರಿ ಇಲ್ಲ."

"ಆ ನೀರು ಏನು ಮಾಡ್ತದೆ ಅಂತ ನನಗೆ ಗೊತ್ತೈತೆ. ಒಳಗೆ ಹೋಗಿ ನಮ್ಮತ್ತೆ ಮಂಡಿ ನೋಡ್ರಿ. ಮನುಷ್ಯರಿಗೇ ಬ್ಯಾಡ ಅಂತ ಬಿಟ್ಟ ನೀರ್ನ ಮಾತಾಡಾಕೆ ಬರದಿರೋ ಜೀವಕ್ಕೆ ಕುಡಿಸ್ಲಾ?"

ಮಂಡಿಗೆ ಬಿದ್ದದ್ದು ಫ್ಲೋರೈಡು, ಸುಣ್ಣ ಅಲ್ಲ, ನಮ್ಮ ದುರದೃಷ್ಟಕ್ಕೆ ಎರಡೂ ಒಂದೇ ನೀರಿನಲ್ಲಿವೆ ಅಷ್ಟೇ ಅಂತ ವಾದಿಸಿದೆ. ಫ್ಲೋರೈಡಿನಿಂದ ಇವಕ್ಕೆ ಏನೂ ಆಗುವುದಿಲ್ಲವಾ ಅಂದಳು. ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಸುಣ್ಣ ಸುರಿಯುವ ದಿನವೂ ನಾನು ಹೀಗೇ ಜೋರಾಗಿ ಮಾತಾಡಿದ್ದೆ. ಅದು ಇಬ್ಬರಿಗೂ ನೆನಪಿತ್ತು.

ಆಗ ಹೊಸಿಲಿನಲ್ಲಿ ಕೂತಿದ್ದ ಅತ್ತೆ ಮಾತಾಡಿದಳು. ಅಷ್ಟು ದಿನ ನಮ್ಮ ಈ ಕೆಲಸದ ಬಗ್ಗೆ ಆಕೆ ಒಂದು ಮಾತೂ ಆಡಿದವಳಲ್ಲ.

"ಏನಪ್ಪ ಸಾಬ್ರೆ, ಆ ನೀರಲ್ಲಿ ಬೇಳೆ ಬೇಯಲ್ಲ, ಅಲ್ವಾ?"

"ಬೇಯಲ್ಲಮ್ಮ."

"ಇವೂ ಬೇಯದು ಬ್ಯಾಡ. ಬಿಡ್ರಿ ಅದನ್ನೇ." ಆಮೇಲೆ ಸೊಸೆಯ ಕಡೆ ತಿರುಗಿ, "ನನ್ನ ಮೂಳೇಲಿ ಕುಂತಿದ್ದು ಅವುಗಳ ಚಿಪ್ನಾಗಾದ್ರೂ ಕುಂತ್ಕಳ್ಳಿ. ನೀನು ನನ್ನ ಮಂಡಿ ಮ್ಯಾಲಿನ ಸಿಟ್ನ ಅವುಗಳ ಮ್ಯಾಲೆ ತೀರಿಸ್ಕಬ್ಯಾಡ" ಅಂದಳು.

ಅಕ್ಕ ಎದ್ದು ಮೋಟಾರಿನ ಸ್ವಿಚ್ಚಿನ ಕಡೆ ಹೋದಳು. ನಾನು ಓಡಿ ತಡೆದೆ. ಒಮ್ಮೆ ಸುಟ್ಟುಕೊಂಡಿದ್ದೆವು, ಈ ಸಲ ಅವಸರ ಬೇಡ ಅಂದೆ. ಮೂರು ಡ್ರಮ್ಮು ಇಟ್ಟೆವು. ಒಂದರಲ್ಲಿ ಹೊಂಡದ ನೀರು, ಇನ್ನೊಂದರಲ್ಲಿ ನೇರ ಕೊಳವೆಬಾವಿಯದು, ಮೂರನೆಯದರಲ್ಲಿ ಕಲ್ಲಿನ ಮೇಲೆ ಹರಿಸಿ ಒಂದು ದಿನ ಗಾಳಿಗೆ ಬಿಟ್ಟ ಕೊಳವೆಬಾವಿ ನೀರು. ಪ್ರತಿಯೊಂದಕ್ಕೂ ಬದುಕಿದ ಕೆಲವನ್ನು ಬಿಟ್ಟು ನೋಡುತ್ತಾ ಕೂತೆವು. ಹೊಂಡದ ನೀರಿನವು ಸೋತು ಅರೆಬಾಯಿ ಬಿಟ್ಟಿದ್ದವು. ನೇರ ಕೊಳವೆಬಾವಿ ನೀರಿನವು ಬಿಗಿಯಾಗಿ ಮುಚ್ಚಿಕೊಂಡವು, ಬಿಚ್ಚಲೇ ಇಲ್ಲ. ಆಳದಿಂದ ಬಂದ ನೀರಿನಲ್ಲಿ ಉಸಿರಾಡಲು ಗಾಳಿಯೇ ಇರುವುದಿಲ್ಲ, ಹುಳಿ ಅನಿಲವೂ ತುಂಬಿರುತ್ತದೆ. ಸ್ವಿಚ್ಚು ಹಾಕಿ ಹಾಗೇ ಹೊಂಡಕ್ಕೆ ಬಿಟ್ಟಿದ್ದರೆ ಉಳಿದವೂ ಹೋಗುತ್ತಿದ್ದವು. ಮೂರನೆಯ ಡ್ರಮ್ಮಿನವು ಸಂಜೆಯ ಹೊತ್ತಿಗೆ ಚಿಪ್ಪನ್ನು ತುಸುವೇ ತೆರೆದು ನೀರೆಳೆಯತೊಡಗಿದವು. ಅಕ್ಕ ಒಂದಿಷ್ಟು ಹಸಿರು ನೀರನ್ನು ಅವುಗಳ ಬಾಯಿ ಹತ್ತಿರ ಬಿಟ್ಟಳು. ಎಳೆದುಕೊಂಡವು.

ಕೊಳವೆಬಾವಿಯಿಂದ ಹೊಂಡದವರೆಗೆ ಇಳಿಜಾರಿನ ಕಾಲುವೆ ಮಾಡಿ ಸುಣ್ಣಕಲ್ಲಿನ ಜಲ್ಲಿ ತುಂಬಿದೆವು. ನೀರು ಅದರ ಮೇಲೆ ಬಿದ್ದು, ಎದ್ದು, ನೊರೆಯಾಡಿ ಒಂದು ತೊಟ್ಟಿಯಲ್ಲಿ ನಿಂತು, ಮರುದಿನ ಅಲ್ಲಿಂದ ಸಣ್ಣ ಪೈಪಿನಲ್ಲಿ ಹೊಂಡಕ್ಕೆ. ಅಷ್ಟೇ ನೀರು ಇನ್ನೊಂದು ಕಡೆಯಿಂದ ಹೊರಗೆ. ತಗಡಿನ ಮಳೆ ನೀರಿನ ಪೈಪನ್ನು ಕಿತ್ತು ತೋಟದ ಕಡೆ ತಿರುಗಿಸಿದಳು ಅಕ್ಕ. ಮಳೆ ಬಂದಾಗೆಲ್ಲ ಆ ಒಳ್ಳೆಯ ನೀರು ಮಣ್ಣಿಗೆ ಹೋಗುವುದನ್ನು ನೋಡಲಾರದೆ ಒಳಗೆ ಹೋಗುತ್ತಿದ್ದಳು. ಇನ್ನು ಬೀಜ ಇಡುವುದು ಬೇಡ ಅಂತ ನಾನು ಚಾಕು ಬೆಣೆ ಎಲ್ಲ ಒರೆಸಿ ಡಬ್ಬಿಗೆ ಹಾಕಿ ಮನೆಗೆ ತಂದೆ. ಸ್ವಂತ ಚಿಪ್ಪಿಗೇ ಸಾಲದಿರುವ ಜೀವಿಯ ಹತ್ತಿರ ಮುತ್ತು ಕೇಳಲು ನಾಚಿಕೆಯಾಯಿತು.

ಸಾವು ಕೂಡಲೇ ನಿಲ್ಲಲಿಲ್ಲ. ಮೊದಲೇ ತೆಳ್ಳಗಾಗಿದ್ದವು ಹೋಗುತ್ತಲೇ ಇದ್ದವು. ಮೋಡ ಮುಚ್ಚಿದ ದಿನಗಳಲ್ಲಿ ಕಾಗದ ಮತ್ತೆ ಹಳದಿ ಕಡೆಗೆ ವಾಲುತ್ತಿತ್ತು. ಕರೆಂಟು ಕೈಕೊಟ್ಟರೆ ಅಕ್ಕ ಬಕೆಟ್ಟಿನಲ್ಲಿ ನೀರೆತ್ತಿ ಎತ್ತರದಿಂದ ಸುರಿಯುತ್ತಿದ್ದಳು. ಚಳಿಗಾಲದಲ್ಲಿ ಒಂದು ದಿನ ಚಿಪ್ಪೊಂದನ್ನು ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಉಗುರಿನಂಥ ತೆಳು ಹೊಸ ಪಟ್ಟಿ ಕಂಡಿತು. ಬಗ್ಗಿಸಿದರೆ ಬಾಗುತ್ತಿತ್ತು. ಅಕ್ಕನಿಗೆ ತೋರಿಸಿದೆ. ಅವಳು ಮುಟ್ಟಲಿಲ್ಲ, ಒಡೆದುಬಿಡುತ್ತೇನೆ ಅಂತ ಭಯ.

ಮುಂದಿನ ಬೇಸಿಗೆಗೆ ಯಂತ್ರ ಬಂದು ಕೆರೆ ಕೆಲಸ ಮುಗಿಸಿತು. ಮಳೆಗೆ ಕೆರೆ ಮುಕ್ಕಾಲು ತುಂಬಿತು. ಹಿರಿಯರು ಹೇಳಿ ಕಳಿಸಿದರು, ಕಪ್ಪೆಚಿಪ್ಪು ತರಬಹುದು ಅಂತ. ಹೋಗುವ ಹಿಂದಿನ ದಿನ ನಸುಕಿನಲ್ಲಿ ನಾವಿಬ್ಬರೂ ಕೆರೆಯ ನೀರಿಗೆ ಕಾಗದ ಅದ್ದಿದೆವು. ಪೂರಾ ಹಳದಿಯಲ್ಲ, ಹಸಿರೂ ಅಲ್ಲ. ಹೂಳಿನ ಜೊತೆ ಎಷ್ಟೋ ತಲೆಮಾರಿನ ಹಳೆಯ ಚಿಪ್ಪಿನ ಚೂರುಗಳೂ ಲೋಡುಗಟ್ಟಲೆ ಹೊಲಗಳಿಗೆ ಹೋಗಿದ್ದವು. ಬೆತ್ತಲೆ ತಳದ ಮೇಲೆ ಹೊಸ ಮಳೆ ನೀರು ನಿಂತಿತ್ತು. ಇನ್ನೊಂದು ಹೊಂಡಕ್ಕೇ ಬಿಡುತ್ತಿದ್ದೇವೆ ಅನ್ನಿಸಿತು. ಅಕ್ಕ ಕಾಗದವನ್ನು ಮಡಚಿ ಸೆರಗಿಗೆ ಕಟ್ಟಿಕೊಂಡು, "ಟ್ರ್ಯಾಕ್ಟರ್ ಹೇಳ್ರಿ ಭಾಯಿ" ಅಂದಳು. ಉಳಿದಿರುವುದಕ್ಕೆ ಒಂದು ಬುಟ್ಟಿ ಸಾಕಲ್ಲ, ಟ್ರ್ಯಾಕ್ಟರ್ ಯಾಕೆ ಅಂದೆ. ಅವಳು ಶೆಡ್ಡಿನ ಹಿಂದಕ್ಕೆ ಕೈ ತೋರಿಸಿದಳು.

ಏರಿಯ ಮೇಲೆ ಹೋದ ವರ್ಷದಷ್ಟೇ ಜನ ಇದ್ದರು. ಅತ್ತೆಯನ್ನು ಟ್ರೈಲರಿನಿಂದ ಇಬ್ಬರು ಎತ್ತಿ ಇಳಿಸಿ ಕಲ್ಲಿನ ಮೇಲೆ ಕೂರಿಸಿದರು. ಹಿರಿಯರು ಒದ್ದೆ ಗೋಣಿ ಹೊದಿಸಿದ ಒಂದೇ ಬುಟ್ಟಿಯನ್ನು ನೋಡಿದರು. ಆಮೇಲೆ ಟ್ರೈಲರಿನಲ್ಲಿ ಒಟ್ಟಿದ್ದ ಚೀಲಗಳನ್ನು ನೋಡಿದರು.

"ಏನಮ್ಮ, ಎಲ್ಲಾನೂ ತಂದಿಯಾ?"

"ತಂದೀನಿ ಮಾವ. ಬದುಕಿರಾವು ಬುಟ್ಟಿಲವೆ. ಸತ್ತಾವು ಚೀಲದಾಗವೆ. ಒಂದೂ ಉಳಿಸ್ಕಂಡಿಲ್ಲ."

ಹೋದ ವರ್ಷ ಈ ಚೀಲಗಳನ್ನು ಕಂಡು ಬಂದಿದ್ದ ಸಿಟ್ಟನ್ನು ನೆನೆದು ನಾನು ತಲೆ ತಗ್ಗಿಸಿದೆ. ಬೈಗುಳ ಬಂದರೂ ಬರಲಿ ಅಂತ ಕಾಯುತ್ತಿದ್ದೆವು. ಹಿರಿಯರು ಒಂದು ಚೀಲದ ಬಾಯಿ ಬಿಚ್ಚಿ, ಚಿಪ್ಪೊಂದನ್ನು ತೆಗೆದು, ಬೆನ್ನಿನ ಬಿಳಿ ಮಚ್ಚೆಯ ಮೇಲೆ ಹೆಬ್ಬೆರಳು ಆಡಿಸಿದರು. ಏನಾಯ್ತು ಅಂತ ಕೇಳಿದರು. ಅಕ್ಕ ಎಲ್ಲವನ್ನೂ ಹೇಳಿದಳು, ಮಳೆ ನೀರು, ಸುಣ್ಣ, ಹಳದಿ ಕಾಗದ, ಏನನ್ನೂ ಬಿಡಲಿಲ್ಲ. ಈ ಕೆರೆಯೂ ಈಗ ಹುಳಿ ಕಡೆಗಿದೆ, ಇವು ಉಳಿಯುತ್ತವೋ ಇಲ್ಲವೋ ಗೊತ್ತಿಲ್ಲ ಅಂತಲೂ ಹೇಳಿದಳು. ಹೇಳುವಾಗ ಅವಳ ದನಿ ಒಂದೇ ಸಲ ಒಡೆಯಿತು, ಸುಣ್ಣದ ದಿನದ ಹತ್ತಿರ.

"ಈಗ ಏನು ಮಾಡಾದು?" ಅಂದರು ಹಿರಿಯರು.

"ಮೊದ್ಲು ಸತ್ತಾವುನ್ನ ಬಿಡಾಣ."

ಚಿಪ್ಪುಗಳನ್ನು ಏರಿಯ ಕಲ್ಲಿನ ಮೇಲೆ ಸುರಿದು ಒಡೆಯತೊಡಗಿದೆವು. ಸ್ವಲ್ಪ ಹೊತ್ತು ನಾವಿಬ್ಬರೇ. ಆಮೇಲೆ ಹಿರಿಯರು ಪಂಚೆ ಎತ್ತಿಕಟ್ಟಿ ಒಂದು ಕಲ್ಲು ಹಿಡಿದು ಕೂತರು. ಅವರು ಕೂತಮೇಲೆ ಉಳಿದವರೂ ಕೂತರು. ಅತ್ತೆ ತನ್ನ ಮುಂದೆಯೂ ಒಂದು ರಾಶಿ ಹಾಕಿಸಿಕೊಂಡಳು. ಕೆರೆಯ ಮೂಲೆಯೊಂದರಲ್ಲಿ, ಮೊಣಕಾಲುದ್ದದ ನೀರಿನಲ್ಲಿ ಆ ಚೂರುಗಳನ್ನು ಬುಟ್ಟಿ ಬುಟ್ಟಿ ಹರಡಿದೆವು. ಕೆಂಪು ತಳ ಅಷ್ಟಗಲಕ್ಕೆ ಬೆಳ್ಳಗಾಯಿತು.

ಅದರ ಮೇಲೆ ಅಕ್ಕ ಬದುಕಿದವನ್ನು ಒಂದೊಂದಾಗಿ ಇಟ್ಟಳು. ಎಲ್ಲವೂ ಬಾಯಿ ಬಿಗಿದುಕೊಂಡಿದ್ದವು. ನೀರು ತಿಳಿಯಾಗುವವರೆಗೆ ಅಲುಗ್ದೆ ನಿಂತ್ಕಳ್ರಿ, ತುಸು ತೆರೆದು ನೀರೆಳದ್ರೆ ಒಗ್ಗಿದಂಗೆ ಅಂದಳು. ಬಗ್ಗಿ ಬಗ್ಗಿ ಸೊಂಟದ ತನಕ ಸೀರೆ ಒದ್ದೆಯಾಗಿ ಅವಳೂ ನಿಂತಿದ್ದಳು. ಮೇಲಿಂದ ಅತ್ತೆ ಕೂಗಿ ಕೇಳಿದಳು, "ಬಾಯಿ ಬಿಟ್ವೇನೇ?"

"ಇನ್ನೂ ಇಲ್ಲ ಅತ್ತೆ" ಅಂದಳು ಅಕ್ಕ. ನಾವು ನಿಂತೇ ಇದ್ದೆವು.